ದಳವಾಯಿ ಸತ್ತನೋ, ಉಳಿದನೋ

ನನ್ನ ತಾಯಿಗೂ ದೊಡ್ಡಮ್ಮನಿಗೂ ಜಮೀನಿನ ವ್ಯಾಜ್ಯವಿರಲಿಲ್ಲ, ಒಡವೆಯ ತಕರಾರೂ ಇರಲಿಲ್ಲ. ಅವರ ನಡುವೆ ಇದ್ದದ್ದು ಒಬ್ಬ ದಳವಾಯಿ. ಹಳೆಯ ತೆಲುಗು ಚಿತ್ರವೊಂದರ ಖಳನಾಯಕ ಅವನು. ಕೊನೆಯ ದೃಶ್ಯದಲ್ಲಿ ನಾಯಕನು ಅವನನ್ನು ಕೊಂದನೆಂದು ದೊಡ್ಡಮ್ಮ ಹೇಳುತ್ತಿದ್ದರು. ಕ್ಷಮಿಸಿ ಬಿಟ್ಟನೆಂದು ಅಮ್ಮ ಹೇಳುತ್ತಿದ್ದಳು. ಇಬ್ಬರೂ ಆ ದೃಶ್ಯವನ್ನು ನೋಡಿರಲಿಲ್ಲ.

ಮದುವೆ, ನಾಮಕರಣ, ತಿಥಿ, ಯಾವುದಕ್ಕೆ ಸೇರಿದರೂ ಎಲೆಯ ಮುಂದೆ ಕುಳಿತ ಸ್ವಲ್ಪ ಹೊತ್ತಿಗೆ ಈ ಮಾತು ಏಳುತ್ತಿತ್ತು. ಒಮ್ಮೆ ಗೌರಿಬಿದನೂರಿನ ಕಲ್ಯಾಣ ಮಂಟಪವೊಂದರಲ್ಲಿ ಸಾರು ಬಡಿಸುವವರು ಕಾಯುತ್ತಾ ನಿಂತಿದ್ದರೂ ಇವರ ಚರ್ಚೆ ಮುಗಿಯಲಿಲ್ಲ.

“ಅಷ್ಟೊಂದು ಅನ್ಯಾಯ ಮಾಡಿದೋನ್ನ ಬಿಟ್ಬಿಡ್ತಾರೇನೇ? ಕತ್ತಿ ಇರೋದು ಯಾತಕ್ಕೆ, ಮೂಲಂಗಿ ಹೆಚ್ಚಕ್ಕಾ?” ಎಂದರು ದೊಡ್ಡಮ್ಮ.

“ಅವನು ರಾಣಿ ತಮ್ಮ ಅಲ್ವೇನಕ್ಕಾ? ಅಕ್ಕನ ಎದುರಿಗೇ ತಮ್ಮನ್ನ ಕಡೀತಾರಾ?”

“ನನ್ನೆದುರಿಗೆ ನಿನ್ನ ಕಡಿಯಕ್ಕೆ ಬಂದ್ರೆ ನಾನೇನೂ ಅಡ್ಡ ಬರಲ್ಲ ಕಣೇ. ಊಟ ಮಾಡು, ಸಾರು ಆರೋಗ್ತದೆ.”

ಆ ಚಿತ್ರಕ್ಕೆ ಒಂದು ಹೆಸರು ಖಂಡಿತವಾಗಿ ಇದೆ. ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದವರಲ್ಲ. “ಕತ್ತಿ ಪಿಚ್ಚರ್ರು” ಎಂದರೆ ಅದೇ. ಕಥೆಯನ್ನು ಇಬ್ಬರ ಬಾಯಿಂದಲೂ ಕೇಳಿ ಬೆಳೆದ ಕಾರಣ ನನಗೆ ಅದು ಬಾಯಿಪಾಠವಾಗಿತ್ತು. ಮುದಿ ರಾಜ ತೀರಿಕೊಳ್ಳುತ್ತಾನೆ. ರಾಣಿಯ ತಮ್ಮನಾದ ದಳವಾಯಿಯು ಎಳೆಯ ರಾಜಕುಮಾರನನ್ನು ಕೋಟೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವನೂ ಸತ್ತನೆಂದು ಡಂಗುರ ಹೊಡೆಸಿ, ದುಃಖದಲ್ಲಿರುವ ಅಕ್ಕನ ಹೆಸರಿನಲ್ಲಿ ತಾನೇ ಆಳತೊಡಗುತ್ತಾನೆ. ಲಾಯದಲ್ಲಿ ಕುದುರೆ ಪಳಗಿಸುವ ಯುವಕನೊಬ್ಬ ಈ ಗುಟ್ಟನ್ನು ಅರಿತು, ವೇಷ ಮರೆಸಿಕೊಂಡು ಅರಮನೆಯನ್ನು ಹೊಕ್ಕು, ಒಬ್ಬೊಬ್ಬರನ್ನೇ ಸೋಲಿಸುತ್ತಾ ಕೊನೆಗೆ ದಳವಾಯಿಯ ಕುತ್ತಿಗೆಗೆ ಕತ್ತಿ ಹಿಡಿಯುತ್ತಾನೆ. ಆಗ ರಾಣಿ ಓಡಿ ಬರುತ್ತಾಳೆ.

ಇಷ್ಟರವರೆಗೆ ಇಬ್ಬರಿಗೂ ಒಮ್ಮತವಿತ್ತು, ಏಕೆಂದರೆ ಇಷ್ಟನ್ನು ಅವರು ಕಣ್ಣಾರೆ ಕಂಡಿದ್ದರು. ಆಗ ಅವರಿಬ್ಬರಿಗೂ ಮದುವೆಯಾಗಿರಲಿಲ್ಲ. ಅವರ ತವರು ಮಂಚೇನಹಳ್ಳಿಯ ಹತ್ತಿರದ ಒಂದು ಹಳ್ಳಿ. ಮಂಚೇನಹಳ್ಳಿಗೆ ಟೆಂಟ್ ಸಿನಿಮಾ ಬಂದಿತ್ತು. ತಾತನನ್ನು ಕಾಡಿ ಬೇಡಿ, ಊರಿನ ಹೆಂಗಸರ ಜೊತೆಗೆ ಮೊದಲನೇ ಆಟಕ್ಕೆ ಹೋಗಿ ಮರಳಿನ ಮೇಲೆ ಕುಳಿತಿದ್ದರು. ರಾಣಿ ಓಡಿ ಬಂದು ಕೈ ಎತ್ತಿದ ಗಳಿಗೆಗೆ ಸರಿಯಾಗಿ ಪರದೆಯ ಮೇಲೆ ಇನ್ನೊಂದು ನೆರಳು ಬಿತ್ತು. ಅದು ನನ್ನ ಅಜ್ಜಿಯದು. ಅಜ್ಜಿ ಬೆಳಕಿಗೆ ಅಡ್ಡಲಾಗಿ ನಿಂತು, ಟೆಂಟಿಗೆಲ್ಲ ಕೇಳುವಂತೆ, “ಹುಳ ಹಣ್ಣಾಗವೆ, ಏಳ್ರೇ” ಎಂದು ಕರೆದರಂತೆ.

ರೇಷ್ಮೆ ಸಾಕುವ ಮನೆಗಳಲ್ಲಿ ಈ ಮಾತಿಗೆ ಎದುರುತ್ತರವಿಲ್ಲ. ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ಕೊನೆಯ ಬಾರಿ ಪೊರೆ ಕಳಚಿದ ಹುಳು, ಸೊಪ್ಪನ್ನು ಎಡೆಬಿಡದೆ ತಿಂದು ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು ತಲೆಯೆತ್ತುತ್ತದೆ. ಅದೇ ಹಣ್ಣಾಗುವುದು. ಆಗ ಅದನ್ನು ಆಯ್ದು ಗೂಡು ಕಟ್ಟಲೆಂದು ಸುರುಳಿ ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತದೆ. ಅಮ್ಮನ ಕಡೆ, ಅಪ್ಪನ ಕಡೆ, ನಮ್ಮ ಎರಡೂ ಮನೆತನಗಳಲ್ಲಿ ಇದಕ್ಕೊಂದು ಕಟ್ಟುಪಾಡು ಸೇರಿಕೊಂಡಿದೆ. ಮೊದಲ ಹುಳುವನ್ನು ಮನೆಯ ಹೆಣ್ಣೊಬ್ಬಳು ಚಂದ್ರಿಕೆಗೆ ಬಿಡಬೇಕು; ಬಿಟ್ಟವಳು ಕೊನೆಯ ಹುಳು ಏರುವವರೆಗೆ ಊರಿನ ಗಡಿ ದಾಟಬಾರದು. ಇದು ಎಷ್ಟರಮಟ್ಟಿಗೆ ಸಮಂಜಸವೆಂದು ನಾನು ವಾದಿಸಲಾರೆ. ಇದನ್ನು ಮೀರಿದವರನ್ನು ಮಾತ್ರ ನಾನು ಕಂಡಿಲ್ಲ.

ಆ ರಾತ್ರಿ ಸೊಪ್ಪಿನ ಗಾಡಿಯಲ್ಲಿ ಮನೆಗೆ ಮರಳುವಾಗ ಅಕ್ಕ ತಂಗಿಯರು ಅಳುತ್ತಾ ಒಂದು ಮಾತು ಮಾಡಿಕೊಂಡರು. ಆ ಚಿತ್ರದ ಕೊನೆಯನ್ನು ನೋಡುವುದಾದರೆ ಇಬ್ಬರೂ ಒಟ್ಟಿಗೆ, ತೆರೆಯ ಮೇಲೆಯೇ ನೋಡಬೇಕು. ಮರುದಿನ ಟೆಂಟು ಬೇರೆ ಊರಿಗೆ ಹೋಯಿತು. ಮುಂದೆ ದೊಡ್ಡಮ್ಮ ತೊಂಡೇಬಾವಿಯ ಕಡೆಗೆ ಸೊಸೆಯಾಗಿ ಹೋದರು, ಅಮ್ಮ ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಗೆ ಬಂದಳು.

ನಾನು ಪದವಿ ಮುಗಿಸಿ ಚಿಕ್ಕಬಳ್ಳಾಪುರದ ಒಂದು ಖಾಸಗಿ ಸಂಸ್ಥೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೊದಲ ಸ್ಮಾರ್ಟ್ ಫೋನಿನಲ್ಲಿ ಆ ಚಿತ್ರವನ್ನು ಹುಡುಕಿ ಅಮ್ಮನ ಮುಂದೆ ಹಿಡಿದಿದ್ದೆ. ಅವಳು ಕೋಟೆಯ ಬಾಗಿಲು ಕಂಡೊಡನೆ ಫೋನನ್ನು ಬೋರಲು ಹಾಕಿದಳು. “ಅಕ್ಕ ಇಲ್ದೆ ನೋಡಿದ್ರೆ ಮಾತು ತಪ್ಪಿದಂಗಾಗ್ತದೆ. ನೀನೂ ನೋಡಬೇಡ. ನೋಡಿದ್ರೆ ನಿನ್ನ ಮುಖದಾಗೆ ಗೊತ್ತಾಗ್ಬಿಡ್ತದೆ” ಎಂದಳು. ಆ ಮಾತನ್ನು ನಾನು ಇಂದಿನವರೆಗೆ ಪಾಲಿಸಿದ್ದೇನೆ.

ಇದೆಲ್ಲವೂ ನಗುವ ಸಂಗತಿಯಾಗಿಯೇ ಉಳಿಯುತ್ತಿತ್ತೇನೋ. ಆದರೆ ದೊಡ್ಡಮ್ಮನಿಗೆ ಕಣ್ಣಿನ ಪೊರೆ ಬಂತು. ಅವರ ಎಡಗಣ್ಣು ಬಹಳ ಹಿಂದೆಯೇ, ಸೌದೆ ಒಡೆಯುವಾಗ ಚೂರು ಸಿಡಿದು ಹೋಗಿತ್ತು. ಪೊರೆ ಬಂದದ್ದು ಉಳಿದಿದ್ದ ಬಲಗಣ್ಣಿಗೆ. ಚಿಕ್ಕಬಳ್ಳಾಪುರದ ವೈದ್ಯರ ಬಳಿಗೆ ಅವರನ್ನು ಕರೆದೊಯ್ದವಳು ನಾನೇ. ಶಸ್ತ್ರಚಿಕಿತ್ಸೆ ಮಾಡಿಸಿದರೆ ದೃಷ್ಟಿ ಮರಳುವ ಭರವಸೆ ಇದೆಯೆಂದೂ, ತಡಮಾಡಿದಷ್ಟೂ ಕಷ್ಟವಾಗುವುದೆಂದೂ ವೈದ್ಯರು ನಿಧಾನವಾಗಿ ತಿಳಿಸಿದರು. ದೊಡ್ಡಮ್ಮ ಎಲ್ಲಕ್ಕೂ ತಲೆಯಾಡಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, “ಮಾಡಿಸಲ್ಲ” ಎಂದರು.

“ಯಾಕೆ ದೊಡ್ಡಮ್ಮ? ಎಲ್ಲರೂ ಮಾಡಿಸಿಕೊಳ್ತಾರೆ.”

“ಎಲ್ಲಾರಿಗೂ ಎರಡು ಕಣ್ಣಿರ್ತವೆ ಕಣಮ್ಮ. ನಂಗಿರೋದು ಒಂದು. ಅದನ್ನೂ ಕುಯ್ಯಕ್ಕೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಎಂದು ಹೇಳಿ, ನಗಲು ಪ್ರಯತ್ನಿಸುತ್ತಾ, “ದಳವಾಯಿ ಗತಿ ಏನಾಯ್ತು ಅಂತ ನೋಡ್ದೆ ಕುಲ್ಡಿ ಆಗ್ಬೇಕಾ ನಾನು? ಮೊದ್ಲು ಪಿಚ್ಚರ್ರು, ಆಮೇಲೆ ಆಪರೇಷನ್ನು” ಎಂದರು.

ಅದು ಭಯಕ್ಕೆ ಹೊದಿಸಿದ ನೆಪವೆಂದು ನನಗೆ ತಿಳಿದಿತ್ತು. ಆದರೆ ಅಮ್ಮನೂ, ಸೊಸೆಯೂ, ಊರಿನ ಹಿರಿಯರೂ ಹೇಳಿದ್ದಾಯಿತು. ಅವರು ಆ ಒಂದೇ ಮಾತಿಗೆ ಅಂಟಿಕೊಂಡರು. ತಿಂಗಳುಗಳು ಕಳೆದವು. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುವ ಸ್ಥಿತಿಗೆ ಬಂದರು. ಆ ನೆಪವನ್ನು ತೆಗೆದುಹಾಕದೆ ಬೇರೆ ದಾರಿಯಿಲ್ಲವೆಂದು ನಾನು ನಿಶ್ಚಯಿಸಿದೆ. ಹಳೆಯ ತೆಲುಗು ಚಿತ್ರಗಳನ್ನು ಹೊಸದಾಗಿ ಸ್ವಚ್ಛಗೊಳಿಸಿ ಮತ್ತೆ ಚಿತ್ರಮಂದಿರಗಳಿಗೆ ತರುವ ರೂಢಿ ಈಚೆಗೆ ಬೆಳೆದಿದೆಯಲ್ಲವೇ? ನಮ್ಮ ಭಾಗದ ಚಿತ್ರಮಂದಿರಗಳಿಗೆಲ್ಲ ಫೋನ್ ಮಾಡಿ, “ಸರ್, ದಯವಿಟ್ಟು ತೊಂದರೆಯೆಂದು ಭಾವಿಸಬೇಡಿ” ಎಂದು ಆರಂಭಿಸಿ ವಿಚಾರಿಸುತ್ತಿದ್ದೆ. ನನ್ನ ದನಿ ಕೇಳಿದೊಡನೆ ಚಿಂತಾಮಣಿಯವರು, “ಕತ್ತಿ ಪಿಚ್ಚರ್ ಮೇಡಮ್ಮಾ? ಇನ್ನೂ ಬಂದಿಲ್ಲ” ಎನ್ನುವಂತಾಗಿತ್ತು. ಕೊನೆಗೆ ಒಂದು ದಿನ ಅವರೇ ಫೋನ್ ಮಾಡಿದರು. ಆ ಶನಿವಾರ ಬರುತ್ತಿದೆ, ಮಧ್ಯಾಹ್ನದ ಒಂದು ಆಟ ಮಾತ್ರ, ಆಮೇಲೆ ಇರುವುದಿಲ್ಲ.

ನಾನು ಹುಳುವಿನ ಲೆಕ್ಕವನ್ನು ಅಮ್ಮನಿಂದ ಕೇಳಿಕೊಂಡೇ ಶನಿವಾರದ ಟಿಕೆಟ್ ಪಡೆದೆ. ಸೋಮವಾರಕ್ಕೆ ಮೊದಲು ಹಣ್ಣಾಗುವ ಸಾಧ್ಯತೆ ಇಲ್ಲವೆಂದು ಅವಳು ಹೇಳಿದ್ದಳು. ಶುಕ್ರವಾರ ಸಂಜೆ ದೊಡ್ಡಮ್ಮ ಮಗನ ಜೊತೆ ನಮ್ಮ ಮನೆಗೆ ಬಂದಿಳಿದರು. ಅವನು ಬಿಟ್ಟು ಹಿಂತಿರುಗಿದ. ಆದರೆ ಆ ವಾರ ಬಿಸಿಲು ವಿಪರೀತವಾಗಿತ್ತು. ಬಿಸಿಗೆ ಹುಳು ಬೇಗ ಮಾಗುತ್ತದೆ. ಶನಿವಾರ ಬೆಳಗ್ಗೆ ಸೊಪ್ಪು ಹಾಕಲು ಹೋದ ಅಪ್ಪ ತಟ್ಟನೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, “ಹುಳ ಹಣ್ಣಾಗವೆ” ಎಂದರು.

ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ ದೊಡ್ಡಮ್ಮ ಲೋಟವನ್ನು ಕೆಳಗಿಟ್ಟರು. ಅಮ್ಮ ಅಟ್ಟದ ಮೇಲಿಟ್ಟಿದ್ದ ಚಂದ್ರಿಕೆಗಳನ್ನು ಇಳಿಸತೊಡಗಿದಳು.

“ಬುಡು, ಆ ದಳವಾಯಿ ನಮ್ಮ ಕಣ್ಣಿಗೆ ಬೀಳಲ್ಲ” ಎಂದರು ದೊಡ್ಡಮ್ಮ. ಅವರ ದನಿಯಲ್ಲಿ ನಿರಾಸೆಯ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಇತ್ತು. ಅದನ್ನು ಕೇಳಿ ನನಗೆ ಗಾಬರಿಯಾಯಿತು. ಚಿತ್ರ ಹೋದರೆ ಆಸ್ಪತ್ರೆಯೂ ಹೋಗುತ್ತದೆ.

ನಾನು ಒಳಗೆ ಹೋಗಿ, ಮುಖಕ್ಕೆ ಹಚ್ಚಿದ್ದ ಪೌಡರು ಹೋಗುವಂತೆ ತಲೆಯ ಮೇಲೆ ನೀರು ಸುರಿದುಕೊಂಡೆ. ಸುವಾಸನೆ ಹುಳುವಿಗೆ ಆಗದು. ಅಮ್ಮನ ಹಳೆಯ ಸೀರೆಯುಟ್ಟು ಹುಳದ ಮನೆಯ ಬಾಗಿಲಲ್ಲಿ ನಿಂತೆ.

“ಅಮ್ಮ, ಮೊದಲ ಹುಳ ನಾನು ಬಿಡ್ತೀನಿ. ನೀನು ದೊಡ್ಡಮ್ಮನ್ನ ಕರ್ಕೊಂಡು ಚಿಂತಾಮಣಿ ಬಸ್ ಹತ್ತು.”

ಅಮ್ಮ ಚಂದ್ರಿಕೆಯ ಹಿಂದಿನಿಂದ ಇಣುಕಿದಳು. “ನೀನಾ? ನೀನು ಓದಿರೋಳು ಕಣೇ.”

“ಓದಿದ್ರೆ ಮನೆ ಹೆಣ್ಣಲ್ವಾ ನಾನು?”

“ಹಂಗಲ್ಲ. ಸೋಮವಾರ ಆಫೀಸಿಗೆ ಹೋಗೋ ಕೈಯಿ.”

“ಇವತ್ತು ಶನಿವಾರ.”

ಒಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನಾನು ಎರಡೂ ಕಡೆಯ ಕುಟುಂಬಗಳಲ್ಲಿ ಮೊದಲ ಪದವೀಧರೆ. ನನ್ನನ್ನು ಓದಿಸಬೇಕೆಂದು ಅಮ್ಮ ಚಿಕ್ಕಂದಿನಿಂದಲೂ ಹುಳದ ಮನೆಯ ಹೊಸ್ತಿಲನ್ನು ದಾಟಗೊಡಲಿಲ್ಲ. ಉಳಿದ ಮಕ್ಕಳು ಸೊಪ್ಪು ಬಿಡಿಸುವಾಗ ನಾನು ಬಾಗಿಲಾಚೆ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆ. ಆದರೆ ಬಾಗಿಲು ತೆರೆದೇ ಇರುತ್ತಿತ್ತು. ಯಾವ ಹುಳು ಹಣ್ಣು, ಯಾವುದು ಇನ್ನೂ ಕಾಯಿ, ಚಂದ್ರಿಕೆಯ ಸುರುಳಿಯಲ್ಲಿ ಎಷ್ಟು ದೂರಕ್ಕೊಂದು ಬಿಡಬೇಕು ಎಂಬುದೆಲ್ಲ ಅಲ್ಲಿಂದಲೇ ಕಾಣುತ್ತಿತ್ತು.

ಅಪ್ಪ ನಡುವೆ ಬಾಯಿ ಹಾಕಿದರು. “ಮುಯ್ಯಾಳು ಬರ್ತಾರೆ. ಹೋದ ಸಲ ಅವರ ಮನೆಗೆ ನಾವು ಹೋಗಿದ್ವಲ್ಲ, ಈ ಸಲ ನಮಗೆ ಬರ್ತಾರೆ. ಕೈ ಸಾಲದೆ ಏನಿಲ್ಲ. ಮನೇಲಿ ಒಬ್ಳು ಹೆಣ್ಣುಮಗಳು ಇದ್ರೆ ಆಯ್ತು.”

“ಇವಳು ಕಾಯೆಲ್ಲ ಎತ್ತಿ ಹಾಕಿದ್ರೆ?”

“ಹಾಕಿದ್ರೆ ಹಾಕ್ಲಿ. ನೀನು ನಮ್ಮನೆಗೆ ಬಂದ ವರ್ಷ ಏನು ಮಾಡ್ದೆ ಅಂತ ಹೇಳ್ಲಾ?”

ಅಮ್ಮ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಕೈ ತೊಳೆದು ಒಳಗೆ ಹೋದೆ. ಸೊಪ್ಪಿನ ಮೇಲೆ ತಲೆಯೆತ್ತಿ ಸುಮ್ಮನೆ ತೂಗುತ್ತಿದ್ದ ಒಂದು ಹುಳುವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ನಂದಿಬೆಟ್ಟದ ಕೆಳಗಿನ ತೋಟಗಳಲ್ಲಿ ಮಾಗಿದ ದ್ರಾಕ್ಷಿಯನ್ನು ಬಿಸಿಲಿಗೆ ಹಿಡಿದರೆ ಕಾಣುವಂತೆ ಅದರ ಮೈಯೊಳಗೆ ಬೆಳಕು ತುಂಬಿತ್ತು. ಅಮ್ಮ ನೋಡುತ್ತಾ ನಿಂತಿದ್ದಳು. ಚಂದ್ರಿಕೆಯ ಅಂಚಿಗೆ ಅರಿಶಿನ ಕುಂಕುಮವಿಟ್ಟು ಹುಳುವನ್ನು ಬಿಟ್ಟೆ. ಅದು ಎರಡು ಬಾರಿ ಅತ್ತಿತ್ತ ತಲೆಯಾಡಿಸಿ ಸುರುಳಿಯ ಸಂದಿಯೊಳಗೆ ನುಗ್ಗಿತು.

“ಸರಿ, ಇನ್ನು ನೀನು ಊರು ದಾಟಂಗಿಲ್ಲ” ಎಂದಳು ಅಮ್ಮ. ಆಮೇಲೆ ಹೊರಗೆ ತಿರುಗಿ, “ಅಕ್ಕಾ, ಸೀರೆ ಬದಲಾಯಿಸ್ತೀಯೋ, ಇದ್ರಾಗೇ ಬರ್ತೀಯೋ?” ಎಂದು ಕೇಳಿದಳು.

ಅವರಿಬ್ಬರು ಕೈ ಕೈ ಹಿಡಿದು ಬಸ್ಸಿನ ಕಡೆಗೆ ಹೋದದ್ದನ್ನು ನಾನು ನೋಡಲಿಲ್ಲ; ಆಗಲೇ ಕೆಲಸ ಹತ್ತಿತ್ತು. ಅಕ್ಕಪಕ್ಕದ ಮನೆಗಳವರು ಬಂದರು. ಪಕ್ಕದ ಮನೆಯ ಅತ್ತೆ ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. “ಅಯ್ಯೋ, ಮೇಡಮ್ಮು ಹುಳದ ಮನೇಲಿ. ಕಚ್ಚಲ್ಲ ಕಣಮ್ಮ, ಹೆದರ್ಕೋಬೇಡ.”

“ನಾನೂ ಕಚ್ಚಲ್ಲ ಅತ್ತೆ, ನೀವೂ ಹೆದರ್ಕೋಬೇಡಿ” ಎಂದೆ. ಅವರು ನಕ್ಕು, ಸೆರಗು ಸಿಕ್ಕಿಸಿ ನನ್ನ ಪಕ್ಕದ ಸಾಲಿಗೆ ಬಂದರು.

ಮಧ್ಯಾಹ್ನವೆಲ್ಲ ಬಾಗಿ ಬಾಗಿ ಆಯ್ದೆವು. ಮೊದಲು ನನ್ನ ಬೆರಳುಗಳು ಅಳುಕುತ್ತಿದ್ದವು. ಒತ್ತಿದರೆ ಏನಾಗುವುದೋ ಎಂಬ ಚಿಂತೆ. ನಡುನಡುವೆ ಅವಸರದಲ್ಲಿ ಕಾಯಿಯನ್ನೂ ಎತ್ತಿದೆ. ಅತ್ತೆ ನೋಡಿದೊಡನೆ ಅದನ್ನು ಸೊಪ್ಪಿಗೆ ಮರಳಿಸಿದೆ. ಬರಬರುತ್ತಾ ಕೈ ತಾನಾಗಿ ಹಣ್ಣಿನ ಕಡೆಗೆ ಹೋಗತೊಡಗಿತು. ಬೆನ್ನು ಸಿಡಿಯುತ್ತಿತ್ತು. ಈಗ ಕುದುರೆಯ ಲಾಯ, ಈಗ ನೆಲಮಾಳಿಗೆ, ಈಗ ರಾಣಿ ಬರುವ ಹೊತ್ತು ಎಂದು ಮನಸ್ಸಿನಲ್ಲೇ ಅಂದಾಜು ಮಾಡುತ್ತಿದ್ದೆ. ಫೋನು ಅಡುಗೆಮನೆಯಲ್ಲಿತ್ತು. ಅದು ಒಮ್ಮೆಯೂ ರಿಂಗಾಗಲಿಲ್ಲ. ಯಾರೂ ಅವರನ್ನು ನಡುವೆ ಎಬ್ಬಿಸಬಾರದೆಂದು ಅಮ್ಮನ ಫೋನನ್ನು ಅಪ್ಪ ತಾವೇ ತೆಗೆದಿಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಇಳಿಬಿಸಿಲಿನಲ್ಲಿ ಕೊನೆಯ ಚಂದ್ರಿಕೆಯನ್ನು ಗೋಡೆಗೆ ಒರಗಿಸುತ್ತಿದ್ದಾಗ ದಾರಿಯ ಕಡೆಯಿಂದ ಜಗಳ ಕೇಳಿಸಿತು. ಅವರು ಕಾಣುವ ಮೊದಲು ಅವರ ಜಗಳವೇ ಮನೆಗೆ ಬಂದಿತು.

“ಬಿದ್ದ ಸದ್ದು ನಾನೇ ಕೇಳ್ದೆ” ಎನ್ನುತ್ತಿದ್ದರು ದೊಡ್ಡಮ್ಮ.

“ಬಿದ್ದಿದ್ದು ಕಿರೀಟ ಅಕ್ಕಾ.”

“ಕಿರೀಟ ಬಿದ್ರೆ ಠಣ್ ಅಂತದೆ. ಇದು ದೊಪ್ ಅಂತು.”

“ರತ್ನಗಂಬಳಿ ಮೇಲೆ ಬಿದ್ರೆ ದೊಪ್ಪನ್ನದೆ ಇನ್ನೇನಂತದೆ?”

ದೊಡ್ಡಮ್ಮ ಅಂಗಳದ ಕಟ್ಟೆಯ ಮೇಲೆ ಕುಳಿತು, ನನ್ನ ದನಿಗಾಗಿ ಅತ್ತಿತ್ತ ತಿರುಗಿದರು. ಆಗ ನಡೆದದ್ದು ತಿಳಿಯಿತು. ಇಬ್ಬರೂ ಕೊನೆಯವರೆಗೆ ಕುಳಿತಿದ್ದರು. ಆದರೆ ಕತ್ತಿಗಾಳಗದಲ್ಲೂ ದೊಡ್ಡಮ್ಮನಿಗೆ ತೆರೆಯ ಮೇಲೆ ಬೆಳ್ಳಗಿನದೊಂದು, ಕಪ್ಪಗಿನದೊಂದು ಓಡಾಡುವುದಷ್ಟೇ ಕಂಡಿತು. ಅಮ್ಮ ಕಿವಿಯಲ್ಲಿ ಹೇಳುತ್ತಾ ಹೋದಳು. ರಾಣಿ ಕೈಯೆತ್ತಿದಳು, ನಾಯಕ ಕತ್ತಿಯನ್ನು ಇಳಿಸಿದ, ದಳವಾಯಿ ಅಕ್ಕನ ಕಾಲಿಗೆ ಬಿದ್ದ, ಕ್ಷಮಿಸಿಬಿಟ್ಟರು. ಚಿತ್ರಮಂದಿರದಲ್ಲಿ ಜನ ಚಪ್ಪಾಳೆ ತಟ್ಟಿದರು.

“ಸುಮ್ಮಸುಮ್ನೆ ಕ್ಷಮಿಸಿದ್ದಕ್ಕೆ ಯಾರಾದ್ರೂ ಅಷ್ಟು ಚಪ್ಪಾಳೆ ತಟ್ತಾರೇನಮ್ಮ?” ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. “ನಿಮ್ಮಮ್ಮ ಸುಳ್ಳು ಹೇಳ್ತಾವ್ಳೆ. ತಾನು ಗೆಲ್ಲಬೇಕು ಅಂತ, ಕಣ್ಣು ಕಾಣದೋಳಿಗೆ ಸುಳ್ಳು ಕತೆ ಹೇಳಿ ಕೂರಿಸವ್ಳೆ.”

“ಹಂಗಾದ್ರೆ ನೀನೇ ನೋಡ್ಬೇಕಾಗಿತ್ತು” ಎಂದಳು ಅಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

“ಎಂಗೆ ನೋಡ್ಲಿ?”

“ಅದನ್ನ ಡಾಕ್ಟ್ರು ಅವತ್ತೇ ಹೇಳವ್ರೆ.”

ನಾನು ಮುಯ್ಯಾಳುಗಳಿಗೆ ಟೀ ಕೊಟ್ಟೆ. ಅವರು ಕುಡಿದು, ನನ್ನ ಕೆಲಸವನ್ನು ಒಂದಿಷ್ಟು ಹಾಸ್ಯ ಮಾಡಿ ಹೊರಟುಹೋದರು. ದೊಡ್ಡಮ್ಮ ಆ ಕಟ್ಟೆಯಿಂದ ಏಳಲಿಲ್ಲ. ಚಂದ್ರಿಕೆಗಳ ಕಡೆಗೆ ಮುಖ ಮಾಡಿ, ಒಳಗೆ ಹುಳುಗಳು ಎಳೆ ಹಾಕತೊಡಗಿದ್ದ ಸದ್ದನ್ನು ಕೇಳುವವರಂತೆ ಕುಳಿತಿದ್ದರು. ಆ ಸದ್ದು ಯಾರಿಗೂ ಕೇಳುವಂಥದ್ದಲ್ಲ.

ಅಡುಗೆಮನೆಯಲ್ಲಿ ನಾನು ಅಮ್ಮನನ್ನು ಮೆಲ್ಲನೆ ಕೇಳಿದೆ. “ಅಮ್ಮ, ನಿಜವಾಗಿ ಏನಾಯ್ತು?”

“ಹೇಳಲ್ಲ” ಎಂದಳು, ಅಕ್ಕಿ ತೊಳೆಯುತ್ತಾ. “ನಿನಗೆ ಹೇಳಿದ್ರೆ ನಿನ್ನ ಬಾಯಿಂದ ಅವಳು ಬಿಡಿಸ್ತಾಳೆ. ಅವಳ ಹತ್ರ ಇಷ್ಟು ತಿಂಗಳು ಬೇಡ್ಕೊಂಡಿದ್ದಾಯ್ತು, ಅತ್ತಿದ್ದಾಯ್ತು. ಇನ್ನು ಅನುಮಾನ ಪಟ್ಕೊಂಡೇ ಬರ್ಲಿ ಆಸ್ಪತ್ರೆಗೆ.”

ಊಟಕ್ಕೆ ಕರೆಯಲು ಹೋದಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು. ಹುಳು ಆಯ್ದ ಕೈ. ಸೊಪ್ಪಿನ ಹಸಿರು ಇನ್ನೂ ಉಗುರಿನಲ್ಲಿತ್ತು. ಅದನ್ನು ಮೂಸಿ ನೋಡಿದರು.

“ಆ ಡಾಕ್ಟ್ರು ಸೋಮವಾರ ಇರ್ತಾರೇನಮ್ಮ?”

“ಇರ್ತಾರೆ ದೊಡ್ಡಮ್ಮ.”

“ಫೋನ್ ಮಾಡಿ ಕೇಳು. ನಿಂಗೆ ಚೆನ್ನಾಗಿ ಮಾತಾಡಕ್ಕೆ ಬರ್ತದಲ್ಲ, ತೊಂದರೆ ಅಂತ ತಿಳ್ಕೋಬೇಡಿ ಅಂತ.”

ಪರೀಕ್ಷೆಗಳೆಲ್ಲ ಮುಗಿದು ಶಸ್ತ್ರಚಿಕಿತ್ಸೆಯ ದಿನ ಬಂತು. ಅಷ್ಟರೊಳಗೆ ನಮ್ಮ ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಿತ್ತು. ನಾನು ಬಿಟ್ಟ ಹುಳುಗಳ ಗೂಡು ಯಾವುದೆಂದು ಯಾರೂ ಬೇರೆಯಾಗಿ ಹೇಳಲಾರದಷ್ಟು ಎಲ್ಲವೂ ಒಂದೇ ಥರ ಇದ್ದವು. ಅದು ನನಗೆ ಸಾಕಾಗಿತ್ತು. ಚಿತ್ರ ಚಿಂತಾಮಣಿಯಿಂದ ಹೋಗಿತ್ತು. ಮತ್ತೆ ಎಲ್ಲಿಗೆ ಬಂದರೂ ತಿಳಿಸುವಂತೆ ಚಿತ್ರಮಂದಿರದವರನ್ನು ಕೇಳಿಕೊಂಡಿದ್ದೆ. ಗಡಿಯಾಚೆಯ ಮದನಪಲ್ಲಿಗೆ ಬಂದರೆ ಮದನಪಲ್ಲಿಗೇ ಕರೆದೊಯ್ಯುವುದಾಗಿ ನಿರ್ಧರಿಸಿದ್ದೆ.

ಆಸ್ಪತ್ರೆಯ ಹಸಿರು ಅಂಗಿ ತೊಡಿಸಿ ಒಳಗೆ ಕರೆದೊಯ್ಯುವ ಮೊದಲು ದೊಡ್ಡಮ್ಮನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಅಮ್ಮ ಒಂದು ಪಕ್ಕಕ್ಕೆ, ನಾನು ಒಂದು ಪಕ್ಕಕ್ಕೆ ನಿಂತಿದ್ದೆವು. ಹೆದರಬೇಡಿ ಎಂದು ಹೇಳಲು ಸರಿಯಾದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ನನ್ನ ಕಡೆಗೆ ಬಾಗಿದರು.

“ನಿಜ ಹೇಳು. ನೀನು ಫೋನಾಗೆ ನೋಡ್ಲಿಲ್ಲ ತಾನೇ?”

“ಇಲ್ಲ ದೊಡ್ಡಮ್ಮ.”

“ನೋಡಬೇಡ. ನಿಮ್ಮಮ್ಮನ ಮಾತು ನಂಬಬೇಡ. ನಾನು ನೋಡಿ ಹೇಳ್ತೀನಿ.”

ಅಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ದೊಡ್ಡಮ್ಮ ನರ್ಸಿನ ತೋಳು ಹಿಡಿದು, ಬಾಗಿಲಿಗೆ ಎಷ್ಟು ದೂರವೆಂದು ಕೇಳಿ, ಒಳಗೆ ನಡೆದರು.